ಅಡುಗೆಮನೆಗೂ ಬರುವ ಆಟ

ಮೊನ್ನೆ ನೀವಿಬ್ಬರೂ ಫೋನಿನಲ್ಲಿ ನನ್ನನ್ನು ನಡುವೆ ಕೂರಿಸಿಕೊಂಡು ಜಗಳ ಆಡಿದಿರಿ. ಆಟ ಅಂದರೆ ಟಿವಿಯಲ್ಲೇ ಆಡಬೇಕು ಅಂತ ಒಬ್ಬಳು, ಕೈಯಲ್ಲಿ ಹಿಡಿದು ಆಡುವುದೇ ಸುಖ ಅಂತ ಇನ್ನೊಬ್ಬಳು. "ಅಜ್ಜಿ, ನೀನೇ ಹೇಳು" ಅಂದಿರಿ. ಬಾಯಲ್ಲಿ ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ, ತಪ್ಪಿದ್ದರೆ ನಗಬೇಡಿ. ನಿಮ್ಮ ಹೆಸರು ಬರೆಯುವುದಿಲ್ಲ. ತೀರ್ಥಹಳ್ಳಿಯ ಮಗಳ ಮಗಳು ದೊಡ್ಡವಳು, ಸಾಗರದ ಮಗನ ಮಗಳು ಚಿಕ್ಕವಳು. ಅಷ್ಟು ಸಾಕು.

ಆ ಆಟದ ಮಿಷನ್ನು ನಿಮ್ಮ ಅಪ್ಪಂದಿರಿಬ್ಬರೂ ಸೇರಿ ತಂದದ್ದು. ಇಬ್ಬರು ಹುಡುಗಿಯರಿಗೆ ಒಂದೇ. ಎರಡು ತಂದರೆ ಒಬ್ಬೊಬ್ಬಳು ಒಂದೊಂದು ಮೂಲೆ ಹಿಡಿಯುತ್ತಾಳೆ, ಒಂದೇ ಇದ್ದರೆ ಜಗಳವಾಡಿಕೊಂಡಾದರೂ ಒಟ್ಟಿಗಿರುತ್ತಾರೆ ಅಂತ ಅವರ ಯೋಚನೆ. ಹಾಗಾಗಿ ಅದಕ್ಕೆ ಮೂರು ಮನೆ. ಒಂದು ತಿಂಗಳು ಸಾಗರ, ಒಂದು ತಿಂಗಳು ತೀರ್ಥಹಳ್ಳಿ, ರಜೆ ಬಂತೆಂದರೆ ನಡುವಿನ ಹೊಸನಗರದಲ್ಲಿ ನನ್ನ ಮನೆ. ಅದು ಹೋಗಿಬರುವುದು ಬಸ್ಸಿನಲ್ಲಿ. ನಿಮ್ಮ ಅಜ್ಜ ಇದೇ ದಾರಿಯಲ್ಲಿ ಬಸ್ಸು ಓಡಿಸಿದವರು. ಅವರು ತೀರಿಕೊಂಡು ಇಷ್ಟು ವರ್ಷವಾದರೂ ಡ್ರೈವರುಗಳು ನನ್ನ ಕೈಯಿಂದ ಗಂಟು ಇಸಿದುಕೊಂಡು ತಮ್ಮ ಸೀಟಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರೆ. ಅದರೊಳಗೆ ಸ್ಲೇಟಿನಷ್ಟು ದೊಡ್ಡ ಒಂದು ಪರದೆ, ಅದರ ಎರಡು ಪಕ್ಕಕ್ಕೆ ಕಳಚಬಹುದಾದ ಎರಡು ಹಿಡಿ, ಮೇಲೆ ನನ್ನ ಹಳೆಯ ಸೀರೆಯ ತುಂಡು.

ಟಿವಿಗೆ ಜೋಡಿಸುವ ಸ್ಟ್ಯಾಂಡು ಮಾತ್ರ ನನ್ನ ಮನೆಯಲ್ಲೇ ಇರುತ್ತದೆ. ಪರದೆಯನ್ನು ಆ ಸ್ಟ್ಯಾಂಡಿನೊಳಗೆ ಇಳಿಸಿದರೆ ಆಟ ಟಿವಿಗೆ ಹೋಗುತ್ತದೆ. ಮೇಲೆತ್ತಿದರೆ ಕೈಗೆ ಬರುತ್ತದೆ. ಎಲ್ಲಿಗೆ ನಿಂತಿತ್ತೋ ಅಲ್ಲಿಂದಲೇ. ಆಟದಲ್ಲಿ ಓಡುತ್ತಿದ್ದವನು ಅದೇ ಕಾಲು ಮುಂದಿಟ್ಟು ಓಡುತ್ತಾನೆ. ಇದನ್ನು ಮೊದಲ ಸಲ ನೋಡಿದಾಗ ನಾನು ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತುಬಿಟ್ಟಿದ್ದೆ. ಇದನ್ನು ಮಾಡಿದವರು ಯಾರೋ, ಯಾವ ದೇಶದವರೋ, ಮನೆಯೊಳಗೆ ಮನುಷ್ಯರು ಎಲ್ಲೆಲ್ಲಿ ಕೂರುತ್ತಾರೆ ಅಂತ ಅವರಿಗೆ ಗೊತ್ತಿದೆ ಅನ್ನಿಸಿತು.

ಈಗ ಚಿಕ್ಕವಳ ವಿಷಯ. ಬರೆಯಲಾ ಅಂತ ಅವಳನ್ನೇ ಕೇಳಿದೆ, "ಬರಿ ಅಜ್ಜಿ" ಅಂದಳು. ಅವಳ ಮಾತು ತೊದಲುತ್ತದೆ. ನಮ್ಮ ಹತ್ತಿರ ಕಡಿಮೆ, ಹೊರಗಿನವರು ಇದ್ದರೆ ಜಾಸ್ತಿ. ನನಗೆ ತೊದಲಿಲ್ಲ, ಆದರೆ ಹೊರಗಿನವರ ಮುಂದೆ ನನ್ನದೂ ಅದೇ ಗತಿ. ಮನೆಗೆ ಯಾರಾದರೂ ಬಂದರೆ ನಾನು ಕಾಫಿ ಕೊಟ್ಟು ಒಳಗೆ ಬಂದುಬಿಡುತ್ತೇನೆ. ಮೊದಲ ವರ್ಷ ಅವಳು ಆಟವನ್ನು ಕೈಗೆತ್ತಿಕೊಂಡು ಬಂದು ಒಲೆಯ ಪಕ್ಕದ ಮಣೆಯ ಮೇಲೆ ಕೂತು ಆಡುತ್ತಿದ್ದಳು. ನಾನು ತರಕಾರಿ ಹೆಚ್ಚುತ್ತಿದ್ದೆ. ಇಬ್ಬರೂ ಒಂದು ಗಂಟೆ ಮಾತಾಡದೆ ಇದ್ದರೂ ಚೆನ್ನಾಗಿರುತ್ತಿತ್ತು.

ಅಷ್ಟೆಲ್ಲ ನೋಡಿದವಳು ನಾನು. ಆದರೂ ತಪ್ಪು ಮಾಡಿದವಳೂ ನಾನೇ.

ದಸರಾ ರಜೆಗೆ ಚಿಕ್ಕವಳನ್ನು ಕರೆತರಲು ಸಾಗರಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಇಂಥ ಆಟ ತರಿಸಿಕೊಡುತ್ತಾರೆ ಅಂತ ಅವಳೇ ತೋರಿಸಿದಳು. ಇಬ್ಬರಿಗೂ ಸೇರಿ ಒಂದು ಹೊಸ ಆಟ ಕೊಡಿಸಬೇಕು ಅಂತ ನನಗೂ ಆಸೆ. ಅಂಗಡಿಯವನು ಮೂರು ಡಬ್ಬಿ ಇಟ್ಟ. ನನಗೆ ಇಂಗ್ಲಿಷ್ ಬಾರದು, ಚಿತ್ರ ನೋಡಿದೆ. ಒಂದರ ಮೇಲೆ ನಾಲ್ಕೈದು ಮಂದಿ ಕೈಯೆತ್ತಿ ಕುಣಿಯುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಎಲ್ಲರ ಜತೆ ಕುಣಿದರೆ ನಮ್ಮ ಹುಡುಗಿಯ ನಾಚಿಕೆ ಬಿಡಬಹುದು ಅಂತ ನನ್ನ ತಲೆಗೆ ಬಂತು. "ಇದೇ ಚೆನ್ನಾಗಿದೆ, ಅಲ್ಲವಾ?" ಅಂದೆ. ಚಿಕ್ಕವಳು ಡಬ್ಬಿಯನ್ನು ಹಿಂದೆ ತಿರುಗಿಸಿ ನೋಡಿದಳು. ಹೂಂ ಅಂತ ತಲೆಯಾಡಿಸಿದಳು.

ಮಾರನೇ ದಿನ ದೊಡ್ಡವಳೂ ಬಂದಳು. ಸಂಜೆ ಹಾಲಿನಲ್ಲಿ ಟಿವಿ ಮುಂದೆ ಕುಣಿತ ಶುರುವಾಯಿತು. ಅಕ್ಕಪಕ್ಕದ ಮಕ್ಕಳೆಲ್ಲ ಸೇರಿದರು, ಅವರ ಹಿಂದೆ ಎದುರುಮನೆಯಾಕೆಯೂ ಬಂದು ಕುರ್ಚಿ ಎಳೆದುಕೊಂಡು ಕೂತರು. ದೊಡ್ಡವಳು ಎಷ್ಟು ಚೆಂದ ಕುಣಿದಳು! ನಿಜವಾಗಿ ಹೇಳುತ್ತೇನೆ, ಬಾಗಿಲ ಸಂದಿಯಿಂದ ನೋಡಿ ನನಗೆ ಕಣ್ಣು ತುಂಬಿತು. ಆಮೇಲೆ ಚಿಕ್ಕವಳ ಸರದಿ.

"ಏ ಬಾರೇ! ಕಂಬದ ಹಂಗೆ ನಿಂತ್ರೆ ಪಾಯಿಂಟ್ ಬರಲ್ಲ ಮಾರಾಯ್ತಿ" ಅಂದಳು ದೊಡ್ಡವಳು.

ಎದುರುಮನೆಯಾಕೆ ನಕ್ಕರು. "ಬಿಡೇ, ಅಜ್ಜಿ ಹಂಗೇ ಮೊಮ್ಮಗಳು. ಬಾಗಿಲ ಹಿಂದೆ ಹುಟ್ಟಿದವ್ರು."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಮಕ್ಕಳೆಲ್ಲ ನಕ್ಕರು. ಚಿಕ್ಕವಳು ಯಾವಾಗಲೂ ಮಾಡುವ ಹಾಗೆ ಸ್ಟ್ಯಾಂಡಿನಿಂದ ಪರದೆ ಎತ್ತಿಕೊಂಡು ಅಡುಗೆಮನೆಗೆ ಬಂದಳು. ಟಿವಿ ಕಪ್ಪಾಯಿತು. ಕೈಯಲ್ಲೂ ಆಟ ಬರಲಿಲ್ಲ, ಎಂತದೋ ಎರಡು ಸಾಲು ಬರಹ ಮಾತ್ರ. ಹಾಲಿನಲ್ಲಿ ಮಕ್ಕಳು ಹೋ ಅಂತ ಕೂಗಿದರು. ಅವಳು ಅದನ್ನು ನನ್ನ ಮುಂದೆ ಇಟ್ಟು, "ಅ... ಅಪ್ಪಂಗೆ ಫೋನ್ ಮಾಡು ಅಜ್ಜಿ. ನಾಳೆ ಮನೆಗೆ ಹೋಗ್ತೀನಿ" ಅಂದಳು.

"ಇದು ಕೈಯಲ್ಲಿ ಯಾಕೆ ಬರ್ತಾ ಇಲ್ಲ?"

ಅವಳು ಡಬ್ಬಿ ತಂದು ಹಿಂಬದಿ ತೋರಿಸಿದಳು. ಅಲ್ಲಿ ಮೂರು ಪುಟ್ಟ ಚಿತ್ರ ಇರಬೇಕಂತೆ. ಟಿವಿಗೆ ಒಂದು, ಮೇಜಿನ ಮೇಲೆ ನಿಲ್ಲಿಸಿ ಆಡುವುದಕ್ಕೆ ಒಂದು, ಕೈಯಲ್ಲಿ ಹಿಡಿದು ಆಡುವುದಕ್ಕೆ ಒಂದು. ಇದು ಬರೀ ಟಿವಿಯದು.

"ಅಂಗಡಿಯಲ್ಲೇ ನೋಡಿದೆಯಲ್ಲ. ಹೇಳಬಾರದಿತ್ತಾ?"

"ನೀ ಖುಷಿಯಾಗಿದ್ದೆ" ಅಂದಳು.

ಅವಳು ಹೋದರೆ ಒಂದು ರಜೆ ಹೋಗುತ್ತದೆ ಅಂತ ಅಲ್ಲ ನನಗೆ ಹೆದರಿಕೆಯಾದದ್ದು. ಹೀಗೆ ನಗೆಗೀಡಾಗಿ ಎದ್ದುಹೋದ ಮನೆಗೆ ಮತ್ತೆ ಬರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಇನ್ನೊಂದು ಸಲ ನೆವ ಸಿಗುತ್ತದೆ, ಮತ್ತೊಂದು ಸಲ ಪರೀಕ್ಷೆ ಇರುತ್ತದೆ. ಆಮೇಲೆ ಬರುವುದೇ ಇಲ್ಲ.

ಆಗ ನನ್ನ ಅಕ್ಕ ನೆನಪಾದಳು. ಮಾಸ್ತಿಕಟ್ಟೆಯ ಕಡೆ ನನ್ನ ತವರಿನಲ್ಲಿ ಜಗಲಿಯ ಕಲ್ಲಿನ ಮೇಲೆ ಚೌಕಾಬಾರದ ಮನೆ ಕೊರೆದಿತ್ತು. ನಮ್ಮಮ್ಮ, ಚಿಕ್ಕಮ್ಮ, ಅಕ್ಕ ಅಲ್ಲಿ ಕೂತು ಹುಣಸೆಬೀಜ ಎಸೆದು ಆಡುತ್ತಿದ್ದರು. ಆಟ ಒಂದು ದಿನಕ್ಕೆ ಮುಗಿಯುತ್ತಿರಲಿಲ್ಲ, ಕಾಯಿ ಇದ್ದಲ್ಲೇ ಬಿಟ್ಟು ಮರುದಿನ ಮುಂದುವರಿಸುವರು. ಆಗ ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ ಕೂರುವ ಕ್ರಮ. ಜಗಲಿಗೆ ಬರುವ ಹಾಗಿಲ್ಲ, ಏನನ್ನೂ ಮುಟ್ಟುವ ಹಾಗಿಲ್ಲ. ಒಂದು ಸಲ ಅಕ್ಕ ಗೆಲ್ಲುವುದರಲ್ಲಿದ್ದಳು, ಅಷ್ಟರಲ್ಲಿ ಹೊರಗಾದಳು. ಅಳುತ್ತಾ ಹಿತ್ತಿಲ ಚಪ್ಪರದ ಕೆಳಗೆ ಹೋಗಿ ಕೂತಳು. ಅಮ್ಮ ನನಗೆ ಒಂದು ಇದ್ದಿಲು ಕೊಟ್ಟು, "ಅಲ್ಲಿ ನೆಲದ ಮೇಲೆ ಇದೇ ಮನೆ ಬರೆದುಕೊಡು. ಯಾರ ಕಾಯಿ ಎಲ್ಲಿದೆಯೋ ಅಲ್ಲೇ ಇಡು" ಅಂದಳು.

ಬರೆದೆ. ಅಕ್ಕ ಅಲ್ಲಿ ಬೀಜ ಎಸೆಯುವುದು, ನಾನು ಜಗಲಿಗೆ ಓಡುವುದು. "ಅಕ್ಕನಿಗೆ ನಾಲ್ಕು ಬಿತ್ತು!" ಇಲ್ಲಿ ಅಮ್ಮ ಎಸೆಯುವುದು, ನಾನು ಹಿತ್ತಿಲಿಗೆ ಓಡುವುದು. "ಅಮ್ಮ ನಿನ್ನ ಕಾಯಿ ಹೊಡೆದಳು!" "ಸುಳ್ಳು ಹೇಳಬೇಡವೇ, ಅದು ಕಟ್ಟೆಯಲ್ಲಿತ್ತು!" ಕಟ್ಟೆ ಅಂದರೆ ಹೊಡೆಯಬಾರದ ಮನೆ. ಮೂರು ದಿನ ನನ್ನ ಕಾಲು ಬಿದ್ದುಹೋಯಿತು. ಆದರೆ ಅಕ್ಕ ಆಟದಿಂದ ಹೊರಗಾಗಲಿಲ್ಲ. ಜಗಲಿಗೆ ವಾಪಸ್ ಬಂದ ದಿನ ಅಲ್ಲಿನ ಕಾಯಿ ಅವಳಿಗಾಗಿ ಸರಿಯಾದ ಜಾಗದಲ್ಲಿ ಕಾದಿತ್ತು.

ಆ ಇದ್ದಿಲು ಹಿಡಿದ ಕೈಯಿಂದಲೇ ನಾನು ಹಾಲ್ ಬಿಟ್ಟು ಕದಲದ ಆಟ ತಂದಿದ್ದೆ.

ರಾತ್ರಿ ಊಟದ ಹೊತ್ತಿಗೆ ಹೇಳಿದೆ. "ನಾಳೆ ಮೂವರೂ ಸಾಗರಕ್ಕೆ ಹೋಗಿ ಇದನ್ನು ಬದಲಾಯಿಸಿ ಬರೋಣ. ಅಲ್ಲಿಂದ ಮನೆಗೆ ಹೋಗಬೇಕು ಅನ್ನಿಸಿದರೆ ಹೋಗು, ನಾನು ತಡೆಯುವುದಿಲ್ಲ."

ದೊಡ್ಡವಳು ತಟ್ಟೆ ನೋಡುತ್ತಾ, "ನನ್ ಕುಣಿತ ಹೋಯ್ತು" ಅಂದಳು. ಆಮೇಲೆ ಚಿಕ್ಕವಳ ಕಡೆ ತಿರುಗಿ, "ಹೋಗ್ಲಿ, ಬದಲಾಯಿಸಾಣ. ಕಂಬ ಅಂದಿದ್ದು ತಪ್ಪಾಯ್ತು ಕಣೇ" ಅಂದಳು. ಬೆಳಿಗ್ಗೆ ನೋಡಿದರೆ ಚಿಕ್ಕವಳು ತನ್ನ ಬಟ್ಟೆಯೆಲ್ಲ ಚೀಲಕ್ಕೆ ತುಂಬಿ ಹೊರಟು ನಿಂತಿದ್ದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಚೀಲ ಅವಳ ತೊಡೆಯ ಮೇಲೇ ಇತ್ತು. ಆಟದ ಗಂಟು ದೊಡ್ಡವಳ ಕೈಯಲ್ಲಿತ್ತು.

ಅಂಗಡಿಯವನು ಡಬ್ಬಿ ನೋಡಿದವನೇ, "ಸೀಲ್ ಒಡೆದಿದ್ದೀರಲ್ಲ ಅಮ್ಮ. ವಾಪಸ್ ತಗಳಕ್ಕೆ ಆಗಲ್ಲ" ಅಂದ. ಅಂಗಡಿಯಲ್ಲಿ ವಾದ ಮಾಡಿ ನನಗೆ ಅಭ್ಯಾಸವೇ ಇಲ್ಲ. ಅದೆಲ್ಲ ನಿಮ್ಮ ಅಜ್ಜ ಮಾಡುತ್ತಿದ್ದರು. ನಾನು ಪಕ್ಕಕ್ಕೆ ಸರಿದು ನಿಂತೆ. ಬೇರೆ ಗಿರಾಕಿಗಳು ಬಂದರು, ಹೋದರು. ನಾನು ನಿಂತೇ ಇದ್ದೆ, ನನ್ನ ಎರಡು ಪಕ್ಕ ನೀವಿಬ್ಬರು.

"ಎಂತಕ್ಕೆ ನಿಂತಿದ್ದೀರಿ ಅಮ್ಮ?" ಅಂದ ಕೊನೆಗೆ.

"ಹೆಂಗೆ ಹೇಳಬೇಕು ಅಂತ ಯೋಚನೆ ಮಾಡ್ತಾ ಇದ್ದೇನೆ."

ಅವನಿಗೆ ನಗು ಬಂತು. "ಹೇಳಿ, ಯೋಚನೆ ಮಾಡಿದ್ದಷ್ಟು ಹೇಳಿ."

"ಟಿವಿಯಲ್ಲೂ ಆಗಬೇಕು, ಕೈಯಲ್ಲೂ ಆಗಬೇಕು. ಒಬ್ಬಳಿಗೆ ಹಾಲ್ ಬೇಕು, ಒಬ್ಬಳಿಗೆ ಅಡುಗೆಮನೆ ಬೇಕು. ಆಟ ಇಬ್ಬರದೂ ಒಂದೇ ಆಗಬೇಕು. ಹಳೆಯದಾದರೂ ಅಡ್ಡಿಯಿಲ್ಲ."

ಇಷ್ಟು ಉದ್ದದ ಮಾತನ್ನು ನಾನು ಹೊರಗಿನವರ ಎದುರು ಆಡಿದ್ದು ಅದೇ ಮೊದಲು ಇರಬೇಕು. ಚಿಕ್ಕವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಂಗಡಿಯವನು ಒಳಗೆ ಹೋಗಿ ಯಾರೋ ಆಡಿ ಬಿಟ್ಟ ಒಂದು ಡಬ್ಬಿ ತಂದ. ತೋಟ ಮಾಡುವ ಆಟ. "ಇದಕ್ಕದು ಸರಿಹೋಯ್ತು, ತಗಂಡ್ ಹೋಗಿ" ಅಂದ. ಚಿಕ್ಕವಳು ಹಿಂಬದಿ ತಿರುಗಿಸಿ ನನಗೇ ತೋರಿಸಿದಳು. ಮೂರು ಚಿತ್ರವೂ ಇದ್ದವು.

ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸು ಹೊರಡಲು ಇನ್ನೂ ಸಮಯವಿತ್ತು. ಅಲ್ಲಿಂದ ಮಗನ ಮನೆಗೆ ನಡೆದರೆ ಹತ್ತು ನಿಮಿಷ. ನಾನು ಚಿಕ್ಕವಳನ್ನು ಏನೂ ಕೇಳಲಿಲ್ಲ. ಕಲ್ಲುಬೆಂಚಿನ ಮೇಲೆ ಕೂತೆವು. ದೊಡ್ಡವಳು ಪರದೆಯನ್ನು ನನ್ನ ಮೊಣಕಾಲ ಮೇಲೆ ನಿಲ್ಲಿಸಿ, ಎರಡು ಹಿಡಿಯನ್ನೂ ಕಳಚಿ ಒಂದನ್ನು ಚಿಕ್ಕವಳಿಗೆ ಕೊಟ್ಟಳು. "ಅಲ್ಲಾಡ್ಬೇಡ ಅಜ್ಜಿ, ಈಗ ನೀನೇ ಮೇಜು."

"ಅಕ್ಕಾ, ನೀ ನೀರು ಹಾಕು. ನಾ ಅಗೀತೀನಿ."

"ಅಲ್ಲೆಲ್ಲಿ ಅಗೀತಿದೀಯ? ಅದು ಬೇಲಿ!"

"ಬೇಲಿ ಕಿತ್ತು ಅಗೀತೀನಿ."

ಒಂದು ತೊದಲೂ ಇರಲಿಲ್ಲ. ಕಂಡಕ್ಟರ್ ಸೀಟಿ ಊದಿದ. ದೊಡ್ಡವಳು ಪರದೆ ಹಿಡಿದುಕೊಂಡು ಎದ್ದಳು, ಚಿಕ್ಕವಳು ಕಣ್ಣು ಅದರ ಮೇಲೇ ಇಟ್ಟುಕೊಂಡು ಅವಳ ಹಿಂದೆ ಮೆಟ್ಟಿಲು ಹತ್ತಿದಳು. ನಾನೂ ಹತ್ತಿ ಕೂತೆ. ಬಸ್ಸು ಇನ್ನೇನು ಕದಲಬೇಕು, ಡ್ರೈವರ್ ಕಿಟಕಿಯಿಂದ ಕೂಗಿದ, "ಬೆಂಚಿನ್ ಮೇಲೆ ಚೀಲ ಯಾರ್ದು?"

ಚಿಕ್ಕವಳಿಗೆ ಕೇಳಿಸಲೇ ಇಲ್ಲ. ನಾನೇ ಇಳಿದು ಓಡಿ ತಂದೆ. ಈ ವಯಸ್ಸಿನಲ್ಲಿ ಓಡಿದ್ದಕ್ಕೆ ಬಸ್ಸಿನವರೆಲ್ಲ ನೋಡಿದರು. ನೋಡಲಿ ಅಂದುಕೊಂಡೆ.

ಆ ಸಂಜೆ ತೋಟ ಟಿವಿಗೆ ಹೋಯಿತು. ಎದುರುಮನೆಯಾಕೆ ಮತ್ತೆ ಬಂದು ಕೂತರು. ಚಿಕ್ಕವಳು ಸ್ವಲ್ಪ ಹೊತ್ತು ಹಾಲಿನಲ್ಲೇ ಆಡಿದಳು, ಆಮೇಲೆ ಪರದೆ ಎತ್ತಿಕೊಂಡು ಅಡುಗೆಮನೆಗೆ ಬಂದಳು. ಈ ಸಲ ಆಟ ನಿಲ್ಲಲಿಲ್ಲ. ಹಿಂದೆಯೇ ದೊಡ್ಡವಳೂ ಬಂದು, "ಜರುಗು ಅಜ್ಜಿ, ನನ್ ಸೌತೆಕಾಯಿಗೆ ನೀರಿಲ್ಲ" ಅಂತ ಮಣೆ ಎಳೆದುಕೊಂಡಳು. ಹಾಲಿನಲ್ಲಿ ಎದುರುಮನೆಯಾಕೆ ಕಪ್ಪಾದ ಟಿವಿ ಮುಂದೆ ಒಬ್ಬರೇ ಉಳಿದರು. ಕಾಫಿ ತಗೊಂಡು ಹೋಗಿ, ಅಂದು ಪೂರಾ ಹದಿನೈದು ನಿಮಿಷ ಅವರ ಎದುರು ಕೂತು ಮಾತಾಡಿದೆ. ವಾಪಸ್ ಬರುವಷ್ಟರಲ್ಲಿ ಆಟ ಮತ್ತೆ ಹಾಲಿಗೆ ಹೊರಟಿತ್ತು. ಎತ್ತಿಕೊಂಡು ಹೋಗುತ್ತಿದ್ದವಳು ಚಿಕ್ಕವಳು.

ನಿಮ್ಮ ಜಗಳಕ್ಕೆ ನನ್ನ ಉತ್ತರ ಇದೇ. ಎದ್ದು ಹೋಗಬಹುದು ಅಂತ ಗೊತ್ತಿದ್ದರೆ ಕೂರುವ ಧೈರ್ಯ ಬರುತ್ತದೆ. ಕುಣಿತದ ಆಟವೂ ಒಳ್ಳೆಯದೇ, ಕುಣಿಯಲು ಜಾಗ ಬೇಕು ಅಂತ ಅದನ್ನು ಟಿವಿಗೇ ಮಾಡಿದ್ದಾರೆ. ಆದರೆ ಮೂರು ಮನೆ ಸುತ್ತುವ ಮಿಷನ್ನಿಗೆ ಆಟ ತರುವಾಗ ಡಬ್ಬಿ ತಿರುಗಿಸಿ ಮೂರು ಚಿತ್ರ ನೋಡಿ. ಚಿಕ್ಕವಳೇ, ಮುಂದಿನ ಸಲ ನಾನು ಖುಷಿಯಾಗಿದ್ದರೂ ಹೇಳು.

ಆ ಚೀಲ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೆ. ಬಟ್ಟೆ ಒಂದೊಂದೇ ಹೊರಗೆ ಬಂದು ಅದು ಖಾಲಿಯಾಯಿತು. ಶಾಲೆ ಶುರುವಾಗುವ ಹಿಂದಿನ ದಿನದವರೆಗೂ ಯಾರೂ ಅದನ್ನು ಇಳಿಸಲಿಲ್ಲ.