ಕಚ್ಚಿಕೊಂಡ ಪಿನ್ನುಗಳು

ಗೆಳೆಯರೇ, ಕೀ ಇಲ್ಲದೆ ಬೀಗ ತೆಗೆಯುವುದನ್ನು ಕಲಿಯಲೆಂದೇ ಕೊಂಡ ನನ್ನ ಡೆಡ್‌ಬೋಲ್ಟ್ ಬಾಗಿಲ ಬೀಗ ಆಯುಧಪೂಜೆಯ ಮರುದಿನದಿಂದ ಹಟ ಹಿಡಿದಿತ್ತು. ಒಳಗಿನ ಪಿನ್ನುಗಳನ್ನು ಮೇಲೆತ್ತಿದರೆ ಅಲ್ಲೇ ಕಚ್ಚಿಕೊಳ್ಳುತ್ತಿದ್ದವು. ನನ್ನ ಕೈಯೇ ಸರಿಯಿಲ್ಲವೆಂದು ನಾಲ್ಕು ದಿನ ಕೊರಗಿ, ಇಂದು ಆರ್.ಟಿ. ನಗರದಲ್ಲಿ ಕೀ ಮಾಡಿಕೊಡುವ ಸಲೀಂ ಭಾಯಿ ಹತ್ತಿರ ಒಯ್ದೆ. ಅವರು ಬೀಗವನ್ನು ಕಾಗದದ ಮೇಲೆ ತಟ್ಟಿದರು. ಕೆಂಪು ಪುಡಿ ಉದುರಿತು.

“ಕುಂಕುಮ ಇಟ್ರಾ ಸಾರ್?”

“ನಮ್ಮಮ್ಮ ಇಟ್ಟಿದ್ದು, ಬೇಗ ಕಲೀಲಿ ಅಂತ.”

“ನನ್ ಅಂಗಡಿ ಬೀಗಗಳಿಗೂ ಪಕ್ಕದ ಹೂವಿನಮ್ಮ ಪ್ರತಿ ವರ್ಷ ಇಡ್ತಾರೆ. ಬೇಡ ಅನ್ನಕ್ಕಾಗುತ್ತಾ? ಹಿಂದಿನ ದಿನಾನೇ ತೂತಿಗೆ ಟೇಪ್ ಅಂಟಿಸಿಬಿಡ್ತೀನಿ.”

ಪುಡಿಯನ್ನೆಲ್ಲ ಊದಿ ತೆಗೆದು, ಪಿನ್ನುಗಳು ಸಲೀಸಾಗಿ ಜಾರಲೆಂದು ಪೆನ್ಸಿಲ್ ಸೀಸದ ಪುಡಿ ಹಾಕಿಕೊಟ್ಟರು. ಮನೆಗೆ ಬಂದು ಎರಡೇ ನಿಮಿಷದಲ್ಲಿ ಬೀಗ ತೆಗೆದೆ.

“ನೋಡ್ದ್ಯಾ, ಪೂಜೆ ಮಾಡಿದ್ದಕ್ಕೇ ಬಂತು!” ಎಂದರು ಅಮ್ಮ.

ಹೌದಮ್ಮಾ ಎಂದೆ. ಮುಂದಿನ ವರ್ಷಕ್ಕೆ ಟೇಪ್ ತಂದಿಟ್ಟಿದ್ದೇನೆ.