ಬಾಯಿಪಾಠಕ್ಕೆ ಮರುಳಾಗದ ಪಟದಕ್ಕ

ಬೆಳಗಿನ ಆರು ಗಂಟೆ. ಕಣ್ಣಾಸ್ಪತ್ರೆಯ ಉದ್ದನೆಯ ಕೋಣೆಯಲ್ಲಿ ಹೆಂಗಸೊಬ್ಬರು ಬಗ್ಗಿ, ಟೇಪು ಹಿಡಿದು ಕುರ್ಚಿಯಿಂದ ಗೋಡೆಗೆ ಆರು ಮೀಟರ್ ಅಳೆಯುತ್ತಿದ್ದಾರೆ. ನಿನ್ನೆಯೂ ಅಳೆದಿದ್ದರು. "ಗುಡಿಸೋರು ಕುರ್ಚಿ ಸರಿಸಿರ್ತಾರೆ. ಎರಡು ಗೇಣು ಮುಂದೆ ಬಂದ್ರೂ ನಾನು ಸುಳ್ಳು ಬರೆದಂಗೆ."

ಕಾರ್ನಿಯಾ ಕಸಿ ಎಂದರೆ ಕಣ್ಣಿನ ಮಸುಕಾದ ಮುಂಪದರ ತೆಗೆದು ದಾನಿಯ ತಿಳಿಪದರ ಹೊಲಿಯುವುದು. ಅದಾದವರೆಲ್ಲ ಈ ಕುರ್ಚಿಗೆ ಬರಲೇಬೇಕು. ಗೋಡೆಯ ಅಕ್ಷರಪಟ ಓದಿಸಿ, ದೃಷ್ಟಿ ಎಷ್ಟು ಬಂತೆಂದು ಬರೆಯುವುದು ಇವರ ಕೆಲಸ. ಹತ್ತೊಂಬತ್ತು ವರ್ಷ; ದಿನಕ್ಕೆ ಅರವತ್ತು ಕಣ್ಣು. ಪತ್ರಿಕೆಯಲ್ಲಿ ಫೋಟೊ ಬರುವುದು ಶಸ್ತ್ರವೈದ್ಯರದು. ರೋಗಿಗಳ ಬಾಯಲ್ಲಿ ಮಾತ್ರ ಇವರು ಪಟದಕ್ಕ.

ಈ ಬೆಳಿಗ್ಗೆ ಮೊದಲು ಕೂತವರು ಒಬ್ಬ ದರ್ಜಿ. ಕಸಿಯಾಗಿ ಎಂಟು ತಿಂಗಳು. ಎಡಗಣ್ಣು ಮುಚ್ಚಿ, ಕಸಿಯಾದ ಬಲಗಣ್ಣಿನಲ್ಲಿ ಐದು ಸಾಲನ್ನೂ ಅರಳು ಹುರಿದಂತೆ ಓದುತ್ತಾರೆ. ಕೋಲು ಅಕ್ಷರ ಮುಟ್ಟುವ ಮೊದಲೇ ಉತ್ತರ. ಪಟದಕ್ಕ ಏನೂ ಬರೆಯುವುದಿಲ್ಲ. ಬೇರೆ ಪಟ ತೂಗುಹಾಕುತ್ತಾರೆ. ದರ್ಜಿ ಎರಡನೆಯ ಸಾಲಿಗೇ ನಿಲ್ಲುತ್ತಾರೆ.

"ಕಾಯೋವಾಗ ಎಡಗಣ್ಣಲ್ಲಿ ನೋಡಿ ಕಲಿತ್ರಾ ಅಣ್ಣ?"

"ಶಾಲೇಲಿ ಹಿಂಗೆ ಬಾಯಿಪಾಠ ಮಾಡಿದ್ರೆ ಎಲ್ಲೋ ಇರ್ತಿದ್ರಿ" ಎನ್ನುತ್ತ ನಗಹೊರಟ, ಜೊತೆಗೆ ಬಂದ ಹೆಂಡತಿ ಗಂಡನ ಮುಖ ನೋಡಿ ಹತ್ತಿರ ಸರಿಯುತ್ತಾರೆ.

"ಮೂರು ದಿನದಿಂದ ಮಂಜು ಮಂಜು, ಅಕ್ಕ. ಚೆನ್ನಾಗಿದೆಯಲ್ಲ ಅಂತ ಡ್ರಾಪ್ಸ್ ಬಿಟ್ಟಿದ್ದೆ." ದರ್ಜಿಯ ದನಿ ಇಳಿಯುತ್ತದೆ. "ಯಾರೋ ತಮ್ಮವರನ್ನ ಕಳ್ಕೊಂಡು ಅಳ್ತಾ ಅಳ್ತಾ ಕೊಟ್ಟ ಕಣ್ಣು. ಹಾಳು ಮಾಡ್ಕೊಂಡೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ದೇಹವು ಕಸಿಯನ್ನು ತಿರಸ್ಕರಿಸತೊಡಗಿದಾಗ ಹೀಗಾಗುತ್ತದೆ. ಬೇಗ ತಿಳಿದರೆ ಎಷ್ಟೋ ಸಲ ಉಳಿಯುತ್ತದೆ; ತಡವಾದರೆ ಪದರ ಮತ್ತೆ ಮಸುಕು. ಪಟದಕ್ಕ ಚೀಟಿ ಹಿಡಿದು ವೈದ್ಯರ ಕೋಣೆಗೆ ಹೆಚ್ಚುಕಡಿಮೆ ಓಡುತ್ತಾರೆ. ಗಂಟೆಗೊಮ್ಮೆ ಡ್ರಾಪ್ಸ್ ಶುರುವಾಗುತ್ತದೆ.

ಆಮೇಲೂ ಪಟದಕ್ಕನಿಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಬಾಗಿಲತ್ತ ನೋಡುತ್ತಾರೆ, ಬರೆದದ್ದನ್ನೇ ಮತ್ತೆ ಓದುತ್ತಾರೆ. "ನಮ್ಮತ್ತೆ ಕಾಣಲ್ಲ ಅಂತ ಒಂದ್ಸಲಾನೂ ಅನ್ಲಿಲ್ಲ. ಗೋಡೆ ಸವರ್ಕೊಂಡು ನಡೀತಿದ್ರು. ವಯಸ್ಸಾಯ್ತಲ್ಲ, ಸುಸ್ತು ಅಂದ್ಕೊಂಡೆ. ಊರವರ ಕಣ್ಣು ನೋಡೋಳು ನಾನು. ಮನೇಲಿ ಗೊತ್ತಾಗೋ ಹೊತ್ತಿಗೆ ಎರಡೂ ಹೋಗಿತ್ತು."

ಹನ್ನೆರಡನೆಯ ದಿನ ದರ್ಜಿ ಮತ್ತೆ ಬರುತ್ತಾರೆ. ಈ ಸಲ ತಡವರಿಸುತ್ತ, ಕತ್ತು ಮುಂದೆ ಚಾಚಿ ಓದುತ್ತಾರೆ. ಮೂರು ಸಾಲು ದಾಟುತ್ತದೆ. ನಾಲ್ಕನೆಯದಕ್ಕೆ, "ಗ... ಅಲ್ಲ. ಇದು ಕಾಣಲ್ಲ ಅಕ್ಕ."

ಕಸಿಯ ಪದರದ ಊತ ಇಳಿಯುತ್ತಿದೆ, ಆದರೆ ಇನ್ನೆರಡು ತಿಂಗಳು ಏನೂ ಹೇಳಲಾಗದು ಎಂದಿದ್ದಾರೆ ವೈದ್ಯರು. ಪಟದಕ್ಕ ಮೂರು ಎಂದು ಬರೆದು, ಮುಂದಿನವರನ್ನು ಕರೆಯುವ ಮೊದಲು ಪಟ ಬದಲಿಸುತ್ತಾರೆ.

"ಎಲ್ಲರಿಗೂ ಕೊನೆ ಸಾಲು ಕಾಣಲಿ ಅಂತ ಕೇಳೋಕೆ ನಾನ್ಯಾರು? ಕಾಣದ ಸಾಲನ್ನ ನನ್ನ ಹತ್ರ ಮುಚ್ಚಿಡದಿದ್ರೆ ಸಾಕು."