ಅತ್ತೆಯ ಅಮೆರಿಕದ ಊರು

ನಮ್ಮ ಅತ್ತೆಯ ಬಲಗೈಯಲ್ಲಿ ಕಿರುಬೆರಳೊಂದೇ ಸ್ವಚ್ಛವಾಗಿರುತ್ತಿತ್ತು. ಒಣದ್ರಾಕ್ಷಿಯ ತೊಟ್ಟು ಬಿಡಿಸಿ ಬಿಡಿಸಿ ಉಳಿದ ಬೆರಳುಗಳೆಲ್ಲ ಕಂದುಗಟ್ಟಿ ಅಂಟಂಟಾಗಿರುತ್ತಿದ್ದವು. ಕಿರುಬೆರಳನ್ನು ಮಾತ್ರ ಪುಟ ತಿರುವಲೆಂದು ಎತ್ತಿಹಿಡಿದಿರುತ್ತಿದ್ದರು.

ನಾನು ಕಾಗವಾಡಕ್ಕೆ ಸೊಸೆಯಾಗಿ ಬಂದ ಹೊಸತು. ಮಧ್ಯಾಹ್ನ ಪಡಸಾಲೆಯಲ್ಲಿ ದ್ರಾಕ್ಷಿ ಹರವಿಕೊಂಡು ಕೂತರೆ ಅತ್ತೆಯ ಮಗ್ಗುಲಲ್ಲಿ ಮರಾಠಿ ಪುಸ್ತಕವೊಂದು ತೆರೆದಿರುತ್ತಿತ್ತು. ಅಮೆರಿಕದ ಯಾವುದೋ ಸಣ್ಣ ಊರಿನ ಕಾದಂಬರಿಯ ಅನುವಾದ, ಮಿರಜದಲ್ಲಿ ಕೊಂಡದ್ದು. ನನಗಾಗ ಮರಾಠಿ ಓದಲು ಬರುತ್ತಿರಲಿಲ್ಲ. ಅವರೇ ಓದಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದರು. ಕಿರಾಣಿ ಅಂಗಡಿಯ ಯಜಮಾನ, ಅವನ ಹೆಂಡತಿ, ಜಗಳಗಂಟ ಗಂಡುಮಕ್ಕಳಿಬ್ಬರು. ಮತ್ತೊಬ್ಬಳು ಮಗಳು, ಅಪ್ಪನ ಮಾತು ಮೀರಿ ಮೆಕ್ಯಾನಿಕನೊಬ್ಬನನ್ನು ಮದುವೆಯಾಗಿ ಪಕ್ಕದ ಊರಿಗೆ ಹೋದವಳು. ಉಳಿದವರ ಸಂಗತಿ ಬೇಗ ಮುಗಿಯುತ್ತಿತ್ತು, ಮಗಳದು ವರ್ಷಗಟ್ಟಲೆ ಬೆಳೆಯಿತು.

“ಅಕಿ ಹೊಲಿಗಿ ಮಶೀನ್ ತಗೊಂಡಾಳ ಬೇ. ಗಂಡ ಛಲೋ ಅದಾನ. ಮಗಾ ಸಾಲಿಗೆ ಹೋಗಾಕತ್ತಾನ.”

“ಅಕಿ ಅವ್ವ ನೋಡಾಕ ಹೋಗೂದಿಲ್ಲೇನ್ರಿ?” ಎಂದು ಒಮ್ಮೆ ಕೇಳಿದೆ.

ಅತ್ತೆ, ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿದ್ದ ಮಾವನತ್ತ ನೋಡಿದರು. “ಬರ್ಫ ಬಿದ್ದೈತಿ. ಹೆಂಗ್ ಹೋಗ್ತಾಳ?” ಎಂದರು. ಮಾವ ಹಾಳೆ ಮಗುಚಲಿಲ್ಲ. ಅತ್ತೆ ಹೇಳುವಷ್ಟು ಹೊತ್ತೂ ಅವರು ಅದೇ ಹಾಳೆ ಹಿಡಿದಿರುತ್ತಾರೆಂಬುದು ಅವತ್ತು ನನಗೆ ಹೊಳೆಯಿತು.

ಮರಾಠಿ ಓದಲು ಕಲಿತ ಮೇಲೆ, ಅತ್ತೆ ಮದುವೆಗೆಂದು ಐಗಳಿ ಊರಿಗೆ ಹೋಗಿದ್ದಾಗ, ಆ ಪುಸ್ತಕ ತೆಗೆದೆ. ಅಂಗಡಿಯಿತ್ತು, ಯಜಮಾನನಿದ್ದ, ಗಂಡುಮಕ್ಕಳಿಬ್ಬರೂ ಇದ್ದರು. ಕೊನೆಯ ಪುಟದವರೆಗೆ ಓದಿದೆ. ಮಗಳು ಎಲ್ಲಿಯೂ ಇರಲಿಲ್ಲ.

ಗಂಡನನ್ನು ಕೇಳಿದೆ. ಅವರು ಹೊರಗೊಮ್ಮೆ ನೋಡಿ ದನಿ ತಗ್ಗಿಸಿದರು. “ನಮ್ಮ ಅಕ್ಕ ಇದ್ಳು. ಸಾಂಗ್ಲಿ ಹುಡುಗನ್ನ ಮಾಡ್ಕೊಂಡು ಹೋದ್ಳು. ಮುಂದಿನ ವರ್ಷನ ಹೆರಿಗ್ಯಾಗ ತೀರಿಕೊಂಡ್ಳು. ಕೂಸೂ ಉಳೀಲಿಲ್ಲ. ಅಪ್ಪ ಮಣ್ಣಿಗೆ ಹೋಗ್ಲಿಲ್ಲ, ಅವ್ವನ್ನೂ ಬಿಡ್ಲಿಲ್ಲ. ಅಕಿ ಹೆಸರು ಈ ಮನ್ಯಾಗ ಯಾರೂ ತಗೀಬಾರ್ದು ಅಂದ್ರು.”

ಐಗಳಿಯಿಂದ ಮರಳಿದ ದಿನವೇ ಅತ್ತೆ ಮತ್ತೆ ಶುರುಮಾಡಿದರು. ಆ ಮಗಳ ಮಗನಿಗೆ ಜ್ವರವಂತೆ. ನಮ್ಮಿಬ್ಬರ ನಡುವೆ ಇನ್ನೊಬ್ಬಳು ಕೂತು ದ್ರಾಕ್ಷಿ ಬಿಡಿಸುತ್ತಿದ್ದಾಳೆ, ತಲೆಯೆತ್ತಿದರೆ ಎದ್ದು ಹೋಗುತ್ತಾಳೆ ಅನಿಸಿತು. ತಲೆ ಎತ್ತಲಿಲ್ಲ.

“ಜ್ವರಾ ಬಿಟ್ಟಾವೇನ್ರಿ?” ಎಂದಷ್ಟೇ ಕೇಳಿದೆ.

ಅತ್ತೆಯ ಕಿರುಬೆರಳು ಪುಟದ ಮೇಲೆಯೇ ನಿಂತಿತು. ನಾನು ಪುಸ್ತಕ ಓದಿದ್ದು ಅವರಿಗೆ ತಿಳಿದಿರಬೇಕು. “ಬಿಟ್ಟಾವ ಬೇ. ಆಡಾಕ ಹೋಗ್ಯಾನ,” ಎಂದರು.

ಆಮೇಲೆ ನಾವಿಬ್ಬರೂ ಸೇರಿ ಆ ಹುಡುಗನನ್ನು ಬೆಳೆಸಿದೆವು. ನಾನು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು. ಅತ್ತ ಒಬ್ಬ ಅಮ್ಮ ಬದುಕಿಕೊಂಡಿದ್ದಳು, ಇತ್ತ ಇನ್ನೊಬ್ಬಳು. ಸತ್ತವರನ್ನು ಹೀಗೂ ಸಾಕಬಹುದೆಂದು ನನಗೆ ತೋರಿಸಿಕೊಟ್ಟವರು ಅತ್ತೆ.

ಹೋದ ವರ್ಷ ಅವರು ತೀರಿಕೊಂಡರು. ಬಂದ ಬೀಗರೆಲ್ಲ ಹೊರಟುಹೋದ ಮೇಲೆ, ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಒಬ್ಬಳೇ ಕೂತಿದ್ದೆ. ಮಾವ ಕಟ್ಟೆಯಿಂದೆದ್ದು ಬಂದು ಕಂಬಕ್ಕೊರಗಿ ಕೂತರು.

“ಆ ಹುಡುಗಿ ಈಗ ಹೆಂಗದಾಳ?”

“ಆರಾಮ ಅದಾಳ್ರಿ ಮಾವಾರ. ಮಗಾ ದೊಡ್ಡಾಂವ ಆಗ್ಯಾನ.”

“ಅಪ್ಪನ್ನ ನೆನಸ್ತಾಳೇನು?”

ಅತ್ತೆಯಾದರೆ ಏನು ಹೇಳುತ್ತಿದ್ದರೋ ನನಗೆ ಗೊತ್ತಿರಲಿಲ್ಲ. “ದಾರಿ ನೋಡಾಕತ್ತಾಳ್ರಿ,” ಎಂದೆ.

ಮಾವ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಅವಳಿಗಾಗಿ ಆ ಮನೆಯಲ್ಲಿ ಒಬ್ಬರು ದನಿಯೆತ್ತಿ ಅತ್ತದ್ದು ಅದೇ ಮೊದಲು. ಕೇಳಲು ಅತ್ತೆ ಇರಲಿಲ್ಲ.